ಚೀಲಕ್ಕೆ ಇಪ್ಪತ್ತು ಕಮ್ಮಿ

ಬಿಂಡಿಗನವಿಲೆ
17-1-1995, ಮಂಗಳವಾರ

ಸಂಜೆ ಆರೂವರೆ. ಬೆಳಗ್ಗೆ ಹುರುಳಿ ಬಡಿದೆ. ಮಧ್ಯಾಹ್ನ ಪಾಂಡವಪುರದಿಂದ ಅಣ್ಣ ಬಂದಿದ್ದ. ಅರ್ಧ ಮುದ್ದೆ ಉಂಡು ನಾಲ್ಕರ ಬಸ್ಸಿಗೆ ಹೊರಟುಹೋದ. ಈಗ ಕುರಿಗಳನ್ನು ಒಳಗೆ ಕೂಡಿ ಬಂದು ಕೂತಿದ್ದೇನೆ.

ಅತ್ತಿಗೆ, ಈ ಕಾಗದವನ್ನು ನಿಮ್ಮ ಹೆಸರಿಗೇ ಬರೆಯುತ್ತಿದ್ದೇನೆ. ಆದರೆ ಅಂಚೆಗೆ ಹಾಕುವುದಿಲ್ಲ. ನಮ್ಮವರು ತೀರಿಕೊಂಡ ಮೇಲೆ ಸಂಜೆ ಹೊತ್ತು ಏನಾದರೂ ಬರೆದಿಡುವುದು ಅಭ್ಯಾಸವಾಗಿದೆ. ಇವತ್ತು ಬೇರೆ ಏನು ಬರೆಯಲು ಹೋದರೂ ಕೈ ಓಡಲಿಲ್ಲ.

ಪೋರ್ಟ್ ಬ್ಲೇರಿನ ಹಡಗು ಹತ್ತುವ ಮೊದಲು ತಂಗಿಯನ್ನು ನೋಡಿಕೊಂಡು ಬರುತ್ತೇನೆ ಎಂದು ಅಣ್ಣ ನಿಮಗೆ ಹೇಳಿ ಬಂದಿದ್ದನಂತೆ. ಅದು ನಿಜ. ಉಂಡು ಕೈ ತೊಳೆದು ಜಗಲಿಯ ಮೇಲೆ ಕೂತ. ನನ್ನನ್ನು ಹತ್ತಿರ ಕರೆದು,

"ಬೆಟ್ಟಿ, ಮೈಸೂರ್ ಡಾಕ್ಟ್ರು ಕೈ ಬುಟ್ರು ಕಣವ್ವ. ಒಟ್ಟೇಲಿ ಗಡ್ಡೆ ಅಂತೆ. ಲಿವರ್‌ಗೂ ಹರಡ್ಕಂಡದಂತೆ. ಬ್ಯಾಸಿಗೆ ಕಳೆಯೋದು ಕಷ್ಟ ಅಂದ್ರು" ಅಂದ.

"ಅತ್ಗೆಗೆ ಗೊತ್ತಾ?" ಅಂದೆ.

"ಇಲ್ಲ. ಸಕ್ರೆ ಕಾಯ್ಲೆ ಬಂದದೆ, ತೂಕ ಇಳಿಸ್ಬೇಕಂತೆ ಅಂತ ಏಳಿವ್ನಿ. ನಂಬ್ಕಂಡವ್ಳೆ. ಮದ್ವೆಯಾದಾಗಿಂದ ಕಡ್ಲು ನೋಡ್ಬೇಕು ಅಂತಿದ್ಲು, ಕನ್ನಂಬಾಡಿ ಕಟ್ಟೆ ತೋರ್ಸಿ ಸುಮ್ಕಾಗ್ಸಿದ್ದೆ. ಈಗ ಏಳ್ಬುಟ್ರೆ ಹಡಗಿಗೆ ಕಾಲಿಡ್ತಾಳಾ? ವಾಪಸ್ ಬರುವಾಗ ರೈಲ್ನಲ್ಲಿ ನಾನೇ ಏಳ್ತೀನಿ. ಅಲ್ಲೀಗಂಟ ನೀನು ಬಾಯಿ ಬುಡ್ಬ್ಯಾಡ."

ನನ್ನ ಕೈ ಹಿಡಿದು ಅವನ ತಲೆಯ ಮೇಲೆ ಇಟ್ಟುಕೊಂಡ. ನಾನು ಹೂಂ ಅಂದೆ.

ಅತ್ತಿಗೆ, ನಮ್ಮವರಿಗೂ ಹೀಗೇ ಆಗಿತ್ತಲ್ಲವೆ. ಹೋದ ವರ್ಷ ಆಸ್ಪತ್ರೆಯಿಂದ ಕರೆದುಕೊಂಡು ಬಂದಾಗ ಅಣ್ಣನಿಗೆ ಗೊತ್ತಿತ್ತು, ನಿಮಗೆ ಗೊತ್ತಿತ್ತು, ಬಸ್ಸಿನಲ್ಲಿ ಜೊತೆಗೆ ಬಂದವರಿಗೆಲ್ಲ ಗೊತ್ತಿತ್ತು. ನನಗೆ ಮಾತ್ರ ಅಲ್ಸರ್ ಎಂದಿರಿ. ನನಗೆ ನೋವಾಗಬಾರದು ಎಂದೇ ಮಾಡಿದಿರಿ. ಒಂದು ಸಂಜೆ ಅವರು, "ಸ್ವಲ್ಪ ಕೂತ್ಕೊ ಇಲ್ಲಿ" ಅಂದರು. "ಡೈರಿಗೆ ಹಾಲು ಆಕ್ಬುಟ್ಟು ಬತ್ತೀನಿ" ಅಂದೆ. ಬರುವ ಹೊತ್ತಿಗೆ ನಿದ್ದೆ ಬಂದಿತ್ತು. ಆಮೇಲೆ ಮತ್ತೆ ಕೂತ್ಕೊ ಅನ್ನಲಿಲ್ಲ. ಏನು ಹೇಳಬೇಕೆಂದಿದ್ದರೋ. ಗೊತ್ತಿದ್ದರೆ ನಾನು ಯಾಕೆ ಡೈರಿಗೆ ಹೋಗುತ್ತಿದ್ದೆ?

ರೈಲಿನಲ್ಲಿ ಹೇಳುತ್ತೇನೆ ಅಂದಿದ್ದಾನೆ. ಅಷ್ಟು ದಿನ ಅವನಿಗೆ ಮಾತಾಡುವ ಶಕ್ತಿ ಇರಲಿ.

ನಾಳೆ ನಿಮಗೆ ಒಂದು ಕಾರ್ಡು ಹಾಕುತ್ತೇನೆ, ಸುಖವಾಗಿ ಹೋಗಿ ಬನ್ನಿ ಎಂದು.

---

ಹಡಗಿನಿಂದ
22-1-1995

ನಾದಿನಿ ಬೆಟ್ಟಮ್ಮನಿಗೆ ನೀರಿನ ಮೇಲೆ ಕೂತು ನಿನ್ನ ಅತ್ತಿಗೆ ಬರೆಯುವುದು. ನಾವೆಲ್ಲ ಕ್ಷೇಮ. ಅಕ್ಷರ ಸೊಟ್ಟಗಿದ್ದರೆ ನನ್ನನ್ನು ಬೈಯಬೇಡ, ಹಡಗು ಅಲ್ಲಾಡುತ್ತಿದೆ.

ಕಡಲು ಹೇಗಿದೆ ಎಂದು ಬರೆಯಲು ನಾನು ಓದಿದ ಏಳನೇ ಕ್ಲಾಸು ಸಾಲದು. ಕಟ್ಟೆಯ ಹಿನ್ನೀರನ್ನು ನೋಡಿ ಇದೇ ಇರಬೇಕು ಎಂದುಕೊಂಡಿದ್ದೆನಲ್ಲ, ಎಂಥ ದಡ್ಡಿ ನಾನು. ಇದಕ್ಕೆ ಆಚೆ ದಡವೇ ಇಲ್ಲ. ಬೆಳಗ್ಗೆ ಎದ್ದು ನೋಡಿದರೂ ನೀರು, ಉಂಡು ಬಂದು ನೋಡಿದರೂ ನೀರು. ನಿನ್ನ ಅಣ್ಣ ಪಕ್ಕದಲ್ಲಿ ನಿಂತು ಕಡಲನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ. "ಯಾಕೆ, ನನ್ನ ಮಕದಲ್ಲಿ ಮೀನು ಆಡ್ತಾವಾ?" ಅಂದೆ. ನಕ್ಕರು.

ಕಾರ್ಖಾನೆಯ ಗೋಡೌನಿನಲ್ಲಿ ಸಕ್ಕರೆ ಚೀಲ ತೂಗುತ್ತಿದ್ದ ಮೂವರೂ ಹೆಂಡಂದಿರನ್ನು ಕಟ್ಟಿಕೊಂಡು ಬಂದಿದ್ದಾರೆ. ತಿಮ್ಮರಾಜಣ್ಣ ಮತ್ತು ಕುಳ್ಳಮ್ಮ, ಪುಟ್ಟಸ್ವಾಮಣ್ಣ ಮತ್ತು ಬೈರಮ್ಮ, ನಾವಿಬ್ಬರು. ಕುಳ್ಳಮ್ಮ ಮದ್ರಾಸು ಬಿಟ್ಟಾಗಿನಿಂದ ವಾಂತಿ ಮಾಡುತ್ತಾ ಮಲಗಿದ್ದಾಳೆ. ಬೈರಮ್ಮ ಒಬ್ಬ ಖಲಾಸಿಯನ್ನು ಹಿಡಿದು, "ಇದ್ಕೆ ಬ್ರೇಕು ಎಲ್ಲದೆ ತೋರ್ಸಪ್ಪ" ಅಂದಳು. ಅವನಿಗೆ ಕನ್ನಡ ಬರುವುದಿಲ್ಲ. ಪುಟ್ಟಸ್ವಾಮಣ್ಣ, "ನಿನ್ನ ಬಾಯಿಗೆ ಇಲ್ವಲ್ಲ, ಅಂಗೇ ಇದ್ಕೂ ಇಲ್ಲ ಕಣಮ್ಮಿ, ಬಾ" ಎಂದು ಎಳೆದುಕೊಂಡು ಹೋದರು.

ಮೂವರೂ ಕಾರ್ಖಾನೆಯ ಮಾತು ಬಿಟ್ಟು ಬೇರೆ ಆಡುವುದಿಲ್ಲ. ನಿನಗೆ ಗೊತ್ತೋ ಇಲ್ಲವೋ, ಪ್ರತಿ ವರ್ಷ ಕಬ್ಬು ಅರೆಯುವುದು ಮುಗಿದ ದಿನ ಚೀಲ ತೂಗುವ ಕಾಟಾದ ಮೇಲೆ ಇವರು ತಾವೇ ನಿಂತು ತೂಗಿಕೊಳ್ಳುತ್ತಿದ್ದರು. ಚೀಲವೆಂದರೆ ನೂರು ಕೇಜಿ. ನಿನ್ನ ಅಣ್ಣ ಯಾವಾಗಲೂ ಎಂಬತ್ತು. ಅದಕ್ಕೇ ಅವರನ್ನು "ಚೀಲಕ್ಕೆ ಇಪ್ಪತ್ತು ಕಮ್ಮಿ" ಎಂದು ಕರೆಯುವುದು. ಹಡಗಿನಲ್ಲೂ ಅದೇ. ಊಟಕ್ಕೆ ಕರೆಯುವಾಗ ತಿಮ್ಮರಾಜಣ್ಣ, "ಬಾರ್ಲಾ ಚೀಲಕ್ಕೆ ಇಪ್ಪತ್ತು ಕಮ್ಮಿ, ಗಂಟೆ ಹೊಡದ್ರು" ಎಂದು ಕೂಗುತ್ತಾರೆ. ಜನ ತಿರುಗಿ ನೋಡುತ್ತಾರೆ.

ಆದರೆ ಊಟ ಮಾತ್ರ ಸೇರುತ್ತಿಲ್ಲ. ಸಕ್ಕರೆ ಕಾಯಿಲೆಯವರು ಮಿತವಾಗಿ ಉಣ್ಣಬೇಕು ಸರಿ, ಇದು ಅತಿಯಾಯಿತು. ಕೇಳಿದರೆ ಹಡಗು ತಿರುಗಿದರೆ ಹೊಟ್ಟೆಯೂ ತಿರುಗುತ್ತದೆ ಅನ್ನುತ್ತಾರೆ. ಚಳಿಯಂತೆ, ಒಂದು ಅಂಗಿಯ ಒಳಗೆ ಇನ್ನೊಂದು ಹಾಕಿಕೊಳ್ಳುತ್ತಾರೆ. ನನಗೆ ಎರಡು ಅಂಗಿ ಒಗೆಯುವ ಕೆಲಸ. ಈ ಸೆಕೆಯಲ್ಲಿ ಎಲ್ಲಿಯ ಚಳಿಯೋ.

ನಾವು ಇಳಿದುಕೊಳ್ಳುವ ಪೋರ್ಟ್ ಬ್ಲೇರಿನ ಲಾಡ್ಜಿನ ವಿಳಾಸ ಹಿಂದೆ ಬರೆದಿದ್ದೇನೆ. ಕಾಗದ ಹಾಕು.

(ಕೊನೆಯಲ್ಲಿ ಬೇರೆ ಕೈಯ ಬರಹ)
ಬೆಟ್ಟಿ, ಕಡಲು ಚೆನ್ನಾಗಿದೆ. ನಿನ್ನ ಅತ್ತಿಗೆ ಮಗುವಿನಂತೆ ಆಗಿದ್ದಾಳೆ. ಹೇಳಿದ್ದು ನೆನಪಿರಲಿ. ಮಾಯಣ್ಣ.

---

ಬಿಂಡಿಗನವಿಲೆ
31-1-1995

ಅತ್ತಿಗೆಯವರಿಗೆ ಬೆಟ್ಟಮ್ಮನ ನಮಸ್ಕಾರಗಳು.

ನಿಮ್ಮ ಕಾಗದ ನಿನ್ನೆ ಬಂತು. ಎರಡು ಸಲ ಓದಿಕೊಂಡೆ. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಕಪ್ಪು ಕುರಿ ಎರಡು ಮರಿ ಹಾಕಿತು, ಒಂದು ಉಳಿಯಿತು. ಬಾವಿಯಲ್ಲಿ ನೀರು ಕೆಳಗೆ ಹೋಗಿದೆ. ನೆರೆಮನೆಯ ತಿಮ್ಮಮ್ಮ ನಿಮ್ಮನ್ನು ಕೇಳಿದಳು. ಅಷ್ಟು ದೂರ ಹೋದವರಿಗೆ ತಲೆ ತಿರುಗುವುದಿಲ್ಲವೆ ಎಂದಳು.

ಬರುವ ಭಾನುವಾರ ನಮ್ಮವರ ವರ್ಷದ ತಿಥಿ. ನೀವಿಬ್ಬರೂ ಇಲ್ಲದೆ ಮಾಡಬೇಕಾಗಿದೆ. ಬೇಜಾರಿಲ್ಲ.

ಅತ್ತಿಗೆ, ಒಂದು ಮಾತು. ಊರು ನೋಡುವುದಕ್ಕೆಂದು ಹೆಂಗಸರು ಹೆಂಗಸರೇ ಹೋಗಬೇಡಿ. ಅಣ್ಣನ ಜೊತೆಗೇ ಇರಿ. ಅವನು ಕೂತಿದ್ದರೆ ಪಕ್ಕದಲ್ಲಿ ಕೂತುಕೊಳ್ಳಿ. ಏನಾದರೂ ಹೇಳಲು ಬಾಯಿ ತೆರೆದರೆ ಕೆಲಸವಿದೆ ಎಂದು ಏಳಬೇಡಿ. ಅಂಗಿ ಆಮೇಲೆ ಒಗೆಯಬಹುದು.

ಹೆಚ್ಚಿಗೆ ಬರೆಯಲು ಏನೂ ಇಲ್ಲ.

---

ಬಿಂಡಿಗನವಿಲೆ
6-2-1995, ಸೋಮವಾರ

ಅತ್ತಿಗೆ, ಕೂತುಕೊಂಡು ಓದಿ. ಪಕ್ಕದಲ್ಲಿ ಅಣ್ಣ ಇದ್ದರೆ ಈಗ ಓದಬೇಡಿ, ಆಮೇಲೆ ಓದಿ.

ನಿನ್ನೆ ತಿಥಿ ಆಯಿತು. ಎಡೆ ಇಟ್ಟು, ಉಂಡವರೆಲ್ಲ ಎದ್ದ ಮೇಲೆ ಹೆಂಗಸರು ಪಡಸಾಲೆಯಲ್ಲಿ ಕೂತಿದ್ದೆವು. ತಿಮ್ಮಮ್ಮ ಎಲೆ ಮಡಿಸುತ್ತಾ, "ಬೆಟ್ಟವ್ವ, ಓಗೋ ಮುಂದೆ ಏನಂದ್ರು ನಿಂಗೇಗೌಡ್ರು? ನಮ್ಮತ್ತೆಗೆ ನಮ್ಮಾವ, 'ನಿನ್ನ ಕೈಲಿ ಬಾಳ ಬೈಸ್ಕಂಡೆ, ಇನ್ಮೇಲೆ ಯಾರ್ನ ಬೈತೀಯ' ಅಂದಿದ್ರಂತೆ. ಅದ್ನೇ ನೆನೆಸ್ಕಂಡು ನೆನೆಸ್ಕಂಡು ನಗೋದು ನಮ್ಮತ್ತೆ, ಸಾಯೋಗಂಟ" ಅಂದಳು. ಎಲ್ಲರೂ ನಕ್ಕರು. ನಾನು, ಅವರು ಏನೂ ಅನ್ನಲಿಲ್ಲ ಎಂದೆ. ತಿಮ್ಮಮ್ಮ ಎದ್ದು ಪಾತ್ರೆ ತೊಳೆಯಲು ಹೋದಳು.

ಅವರು ಏನೂ ಅನ್ನಲಿಲ್ಲ ಎಂದಲ್ಲ. ಅನ್ನುವುದಕ್ಕೆ ನಾನು ಅವಕಾಶ ಕೊಡಲಿಲ್ಲ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೀಗಾಗುವುದು ಬೇಡ.

ಅಣ್ಣನಿಗೆ ಇರುವುದು ಸಕ್ಕರೆ ಕಾಯಿಲೆಯಲ್ಲ. ಹೊಟ್ಟೆಯಲ್ಲಿ ಗಡ್ಡೆ. ಹರಡಿದೆ. ಮೈಸೂರಿನ ಡಾಕ್ಟರು ಏನೂ ಮಾಡಲಾಗದು, ಬೇಸಿಗೆ ಕಳೆಯುವುದು ಕಷ್ಟ ಎಂದಿದ್ದಾರೆ. ನೀವು ಕಡಲು ನೋಡಿ ಬರಲಿ ಎಂದು ಮುಚ್ಚಿಟ್ಟಿದ್ದಾನೆ. ಬರುವಾಗ ರೈಲಿನಲ್ಲಿ ಹೇಳುತ್ತಾನಂತೆ. ಅವನ ತಲೆಯ ಮೇಲೆ ಕೈ ಇಟ್ಟು ಯಾರಿಗೂ ಹೇಳುವುದಿಲ್ಲ ಎಂದಿದ್ದೆ. ಆ ಮಾತು ಇವತ್ತು ತಪ್ಪಿದೆ. ಅದರಿಂದ ಏನಾಗುವುದಿದ್ದರೂ ನನಗೆ ಆಗಲಿ.

ಅಳುವುದನ್ನು ಊರಿಗೆ ಬಂದು ಅಳೋಣ, ನಾನೂ ಜೊತೆಗಿರುತ್ತೇನೆ. ಅಲ್ಲಿ ಇರುವಷ್ಟು ದಿನ ಅವನ ಹತ್ತಿರ ಮಾತಾಡಿ. ಅವನು ತಾನಾಗಿ ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ.

ಇದನ್ನು ನಾಗಮಂಗಲಕ್ಕೆ ಹೋಗಿ ದೊಡ್ಡ ಅಂಚೆ ಕಚೇರಿಯಲ್ಲೇ ಹಾಕುತ್ತೇನೆ. ಬೇಗ ತಲುಪುತ್ತದೆ ಎಂದರು.

---

ಪೋರ್ಟ್ ಬ್ಲೇರ್
8-2-1995

ಬೆಟ್ಟಮ್ಮನಿಗೆ ಅತ್ತಿಗೆಯ ಆಶೀರ್ವಾದ.

ನೀನು 31ನೇ ತಾರೀಖು ಬರೆದದ್ದು ನಿನ್ನೆ ಕೈಸೇರಿತು. ಓದಿ ಒಂದು ಥರ ಆಯಿತು. ನಿನ್ನ ಅಣ್ಣನನ್ನು ಬಿಟ್ಟು ನಾನು ತಿರುಗುತ್ತಿದ್ದೇನೆ ಎಂದು ನಿನಗೆ ಯಾಕೆ ಅನ್ನಿಸಿತು? ತಿಥಿಗೆ ನಾವು ಬರಲಿಲ್ಲ ಎಂದು ನಿನಗೆ ನೋವಾಗಿದೆ, ಅದನ್ನು ನೇರವಾಗಿ ಹೇಳದೆ ಹೀಗೆ ಬರೆದಿದ್ದೀಯ. ನನಗೆ ಅರ್ಥವಾಗುತ್ತದೆ. ಒಂಟಿಯಾದವರಿಗೆ ಜೋಡಿಯಾಗಿ ಇರುವವರನ್ನು ಕಂಡರೆ ಹೇಗಾಗುತ್ತದೆ ಎಂದು ನಾನು ಯೋಚಿಸಬೇಕಿತ್ತು. ಹಡಗಿನ ವಿಷಯ ಅಷ್ಟೊಂದು ಬರೆಯಬಾರದಿತ್ತು.

ಇವರಿಗೆ ಓದಿ ಹೇಳಿದೆ. "ಅವಳು ಏಳೋದು ಸರಿಯಾಗೇ ಅದೆ, ಅಂಗಿ ಆಮೇಲೆ ಒಗಿ" ಎಂದು ನಕ್ಕರು.

ಒಂದು ಯೋಚನೆ ಮಾಡಿದ್ದೇನೆ. ಊರಿಗೆ ಬಂದ ಮೇಲೆ ನಮ್ಮ ಮನೆಯ ಹಿಂದೆ ಒಂದು ರೂಮು ಹಾಕಿಸುತ್ತೇವೆ. ಕುರಿ ಮಾರಿಬಿಟ್ಟು ನೀನು ಪಾಂಡವಪುರಕ್ಕೆ ಬಂದುಬಿಡು. ಮುಂದಿನ ವರ್ಷ ಕಾಶಿಗೆ ಹೋಗೋಣ, ನಿನ್ನನ್ನೂ ಕರೆದುಕೊಂಡು. ಇವರಿಗೆ ಹೇಳಿದೆ. "ಆಗ್ಲಿ, ಅವಳ್ನ ಕರ್ಕೊಂಡ್ಬಂದು ಜೊತೇಲಿ ಇಟ್ಕೊ, ಅದು ಒಳ್ಳೇದು" ಎಂದರು. ಇಟ್ಕೊ ಅಂದರು, ಇಟ್ಕೊಳ್ಳೋಣ ಅನ್ನಲಿಲ್ಲ. ಕಾಶಿಗೆ ಬರುವ ಮನಸ್ಸಿಲ್ಲವೋ ಏನೋ. ಗಂಡಸರು ರಿಟೈರಾದ ಮೇಲೆ ಸೋಮಾರಿಗಳಾಗುತ್ತಾರೆ.

ನಾಳೆ ಬಸ್ಸಿನಲ್ಲಿ ಕಾಡಿಗೆ ಹೋಗುತ್ತೇವೆ. ಅಲ್ಲೊಂದು ಕಡೆ ಹಿಂದೆ ಮರದ ತುಂಡು ಸಾಗಿಸಲು ಹಳ್ಳದ ಮೇಲೆ ಕಟ್ಟಿದ ತಂತಿ ಇದೆಯಂತೆ. ಈಗ ಮನುಷ್ಯರನ್ನು ಗಾಲಿಗೆ ಕಟ್ಟಿ ಅದರ ಮೇಲೆ ಜಾರಿಬಿಡುತ್ತಾರಂತೆ, ಕಾಡಿನ ನೆತ್ತಿಯ ಮೇಲೆ ಹಾರಿಕೊಂಡು ಆಚೆ ದಡ ಸೇರುವುದಂತೆ. ನಾನಂತೂ ಕೂರುವುದಿಲ್ಲ ಎಂದಿದ್ದೇನೆ. ನಿನ್ನ ಅಣ್ಣ ಮಾತ್ರ ಒಂದು ಸಲ ಕೂರಲೇಬೇಕು ಎಂದು ಹಟ ಹಿಡಿದಿದ್ದಾರೆ. ಈ ವಯಸ್ಸಿನಲ್ಲಿ ಹುಡುಗಾಟ.

ಸಿಟ್ಟು ಮಾಡಿಕೊಳ್ಳಬೇಡ.

---

ಪೋರ್ಟ್ ಬ್ಲೇರ್
10-2-1995

ಬೆಟ್ಟಮ್ಮ,

ಮೊನ್ನೆ ಬರೆದದ್ದನ್ನು ಮರೆತುಬಿಡು. ನಾನು ದಡ್ಡಿ.

ನಿನ್ನೆ ಕಾಡಿಗೆ ಹೋಗಿದ್ದೆವು. ನಮ್ಮ ಕಡೆ ಅಂಥ ಕಾಡಿಲ್ಲ. ಮರದ ಮೇಲೆ ಮರ, ಹಗಲಲ್ಲೇ ಕತ್ತಲೆ. ಹಳ್ಳದ ಈ ದಡದಿಂದ ಆ ದಡಕ್ಕೆ ತಂತಿ ಎಳೆದಿದ್ದಾರೆ. ಗಾಲಿಗೆ ಒಂದು ಪಟ್ಟಿಯ ಕುರ್ಚಿ. ತಂತಿ ಇಳಿಜಾರಾಗಿದೆ, ಆದರೆ ನಡುವೆ ಸ್ವಲ್ಪ ಜೋತುಬಿದ್ದಿದೆ. ಭಾರ ಇರುವವರು ಆ ರಭಸಕ್ಕೆ ನಡುವನ್ನು ದಾಟಿ ಆಚೆ ಸೇರುತ್ತಾರೆ. ಹಗುರ ಇರುವವರು ನಡುವೆ ನಿಂತುಬಿಡುತ್ತಾರಂತೆ. ಅದಕ್ಕೆ ತೆಳ್ಳಗಿರುವವರ ಕುರ್ಚಿಯ ಕೆಳಗೆ ಒಂದು ಮರಳಿನ ಚೀಲ ಕಟ್ಟುತ್ತಾರೆ. ಅಲ್ಲಿಯ ಆಳು ಒಬ್ಬೊಬ್ಬರನ್ನೂ ತೂಕ ಎಷ್ಟು ಎಂದು ಹಿಂದಿಯಲ್ಲಿ ಕೇಳುತ್ತಿದ್ದ. ಪುಟ್ಟಸ್ವಾಮಣ್ಣನಿಗೆ ಸ್ವಲ್ಪ ಹಿಂದಿ ಬರುತ್ತದೆ.

ಮೊದಲು ಕುಳ್ಳಮ್ಮ ಕೂತಳು. ಮರಳಿನ ಚೀಲ ಕಟ್ಟಿದರು. ಗಂಡಸರು, "ಇವಳಿಗೆ ಒಂದು ಸಾಲ್ದು ಕಣಪ್ಪ, ಎರಡು ಕಟ್ಟು, ಇಲ್ದಿದ್ರೆ ಹಕ್ಕಿ ಎತ್ಕಂಡೋಯ್ತದೆ" ಎಂದು ರೇಗಿಸಿದರು. ಅವಳು ಚೀರುತ್ತಾ ಹೋಗಿ ಆಚೆ ದಡ ಸೇರಿದಳು. ಆಮೇಲೆ ತಿಮ್ಮರಾಜಣ್ಣ ಹೋದರು. ಮೂರನೆಯವರು ಇವರು.

ಆಳು ಇವರನ್ನು ಮೇಲಿಂದ ಕೆಳಗೆ ನೋಡಿ ಮರಳಿನ ಚೀಲ ಎತ್ತಿಕೊಂಡ. ಪುಟ್ಟಸ್ವಾಮಣ್ಣ ಅವನ ಕೈಯಿಂದ ಕಿತ್ತು ಕೆಳಗೆ ಹಾಕಿದರು. "ಏಯ್, ಇವ್ನು ಚೀಲಕ್ಕೆ ಇಪ್ಪತ್ತು ಕಮ್ಮಿ ಕಣಯ್ಯಾ! ಮೂವತ್ತು ವರ್ಷದಿಂದ ನಾವೇ ತೂಗಿದ್ದೀವಿ, ನೀನೇನು ನಮ್ಗೆ ಏಳ್ಕೊಡೋದು?" ಎಂದು ಅವನಿಗೆ ಎಂಬತ್ತು ಎಂದು ಹಿಂದಿಯಲ್ಲಿ ಹೇಳಿದರು. ನಾನೂ ಜೊತೆಗೆ ನಗುತ್ತಾ, "ಹೂಂ ಹೂಂ, ಎಂಬತ್ತು" ಅಂದೆ. ನಿನ್ನ ಅಣ್ಣ ಪಂಚೆ ಎತ್ತಿ ಕಟ್ಟಿಕೊಂಡು ಕೂತರು.

ನಡುವೆ ನಿಂತುಹೋದರು, ಬೆಟ್ಟಮ್ಮ.

ನಡುವನ್ನು ದಾಟುವ ರಭಸವೇ ಬರಲಿಲ್ಲ. ನಿಧಾನವಾಗಿ ಹೋಗಿ, ನಿಂತು, ಸ್ವಲ್ಪ ಹಿಂದಕ್ಕೆ ಬಂದು ತೂಗಾಡುತ್ತಾ ನಿಂತರು. ಕೆಳಗೆ ಮರದ ತಲೆಗಳು. ಮೊದಲು ಎಲ್ಲರೂ ನಕ್ಕೆವು. ಇವರೂ ಅಲ್ಲಿಂದ, "ಪಾರ್ವತೀ, ಮರದ ನೆತ್ತಿ ಮ್ಯಾಲೆ ಹೂವು ಅವೆ, ಕಿತ್ಕೊಂಡು ಬರ್ಲಾ?" ಎಂದು ಕೂಗಿದರು. ಆಮೇಲೆ ಗಾಳಿ ಬಂತು. ಅಂಗಿ ಹಾರಿತು, ಒಳಗಿನ ಅಂಗಿಯೂ ಹಾರಿತು. ಎರಡು ಅಂಗಿಯ ಒಳಗೆ ಮೈಯೇ ಇರಲಿಲ್ಲ. ಜೋತುಬಿದ್ದ ಕಾಲು ನೋಡಿದೆ. ನಾನು ದಿನಾ ನೋಡುವ ಕಾಲು. ಅಷ್ಟು ದೂರದಲ್ಲಿ ನೇತುಹಾಕಿದಾಗ ಕಾಣಿಸಿತು. ನಮ್ಮಪ್ಪ ಹೋಗುವ ಮೊದಲು ಅವರ ಕಾಲು ಹಾಗಿತ್ತು.

ಆಳು ತಂತಿ ಹಿಡಿದುಕೊಂಡು ಹೋಗಿ ಎಳೆದು ತಂದ. ಪಟ್ಟಿ ಬಿಚ್ಚಿ, ಎರಡು ಕೈಯಲ್ಲಿ ಮಗುವನ್ನು ಎತ್ತುವ ಹಾಗೆ ಎತ್ತಿ ಇಳಿಸಿದ. ಪುಟ್ಟಸ್ವಾಮಣ್ಣ ನೋಡುತ್ತಾ ನಿಂತಿದ್ದರು. ಸುತ್ತಿ ಬಳಸಿ ಈ ಕಡೆಗೆ ಬಂದ ತಿಮ್ಮರಾಜಣ್ಣ ಓಡಿಬಂದು ಇವರ ತೋಳು ಹಿಡಿದುಕೊಂಡು, ಬಿಟ್ಟು, ಮತ್ತೆ ಹಿಡಿದುಕೊಂಡರು. ಜೀವಮಾನವೆಲ್ಲ ತೂಗಿದ ಕೈ ಅದು. ಇವರೇ, "ಹಡಗಿನ ಊಟ ಕಣ್ರಲಾ, ಇಳಿಸ್ಬುಡ್ತು" ಎಂದರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ನಾನು ಕೇಳಲಿಲ್ಲ. ಅವರು ಮುಚ್ಚಿಟ್ಟಿರುವುದು ನನಗಾಗಿ. ನನಗೆ ಗೊತ್ತಿಲ್ಲ ಎಂಬ ಒಂದು ನೆಮ್ಮದಿಯಲ್ಲಿ ಇದ್ದಾರೆ, ಅದನ್ನೂ ಕಿತ್ತುಕೊಳ್ಳಲೇ? ಅವರಾಗಿ ಹೇಳುವವರೆಗೆ ನಾನು ನಗುತ್ತಲೇ ಇರುತ್ತೇನೆ. ಹೇಳಿಯೇ ಹೇಳುತ್ತಾರೆ, ನನಗೆ ಹೇಳದೆ ಅವರು ಒಂದು ಕೊಡೆಯನ್ನೂ ಕೊಂಡವರಲ್ಲ.

ನಿನಗೆ ಮೊದಲೇ ಗೊತ್ತಿತ್ತು ಅಲ್ಲವೆ? ಅಂಗಿ ಆಮೇಲೆ ಒಗೆಯಿರಿ ಎಂದು ಬರೆದದ್ದು ಅದಕ್ಕೇ. ಹೋದ ವರ್ಷ ನಿನಗೆ ನಾವು ಹೇಳಲಿಲ್ಲ. ಅದು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

16ಕ್ಕೆ ಹಡಗು ಹೊರಡುತ್ತದೆ. ಇದಕ್ಕೆ ಉತ್ತರ ಬರೆಯಬೇಡ, ಅವರ ಕೈಗೆ ಸಿಕ್ಕೀತು.

---

ಪೋರ್ಟ್ ಬ್ಲೇರ್
13-2-1995

(ಕಾರ್ಡು)

ಬೆಟ್ಟಿ,

ನೀನು 6ನೇ ತಾರೀಖು ಹಾಕಿದ್ದು ಇವತ್ತು ಲಾಡ್ಜಿನವರು ನನ್ನ ಕೈಗೆ ಕೊಟ್ಟರು. ಓದಿ ಹರಿದು ಕಡಲಿಗೆ ಹಾಕಿದೆ. ಮಾತು ತಪ್ಪಿದೆ ನೀನು. ಸಿಟ್ಟಿಲ್ಲ. ನಿಂಗೇಗೌಡರ ವಿಷಯದಲ್ಲಿ ನಾವು ಮಾಡಿದ್ದು ಸರಿಯಲ್ಲ, ಅದು ಗೊತ್ತಾಯಿತು.

ಆದರೆ ಇನ್ನು ಸ್ವಲ್ಪ ದಿನ. ಪಾರ್ವತಿಗೆ ಏನೂ ಅನುಮಾನವಿಲ್ಲ, ಮೊದಲಿಗಿಂತ ಹೆಚ್ಚಾಗಿ ನಗುತ್ತಿದ್ದಾಳೆ. ದಿನಾ ದಡಕ್ಕೆ ಹೋಗಿ ಕೂರುತ್ತೇವೆ. ನಾನು ಇಲ್ಲಿ ಹೇಗೆ ಹೇಳಲಿ? ರೈಲಿನಲ್ಲಿ ಹೇಳುತ್ತೇನೆ, ಖಂಡಿತ.

ಮಾಯಣ್ಣ

---

ಮೈಸೂರು, ಆಸ್ಪತ್ರೆ
23-2-1995

ಬೆಟ್ಟಮ್ಮ,

ಮೊನ್ನೆ ಪಾಂಡವಪುರಕ್ಕೆ ಬಂದು ಸೇರಿದೆವು. ರಾತ್ರಿಯೇ ರಕ್ತ ವಾಂತಿಯಾಯಿತು. ತಿಮ್ಮರಾಜಣ್ಣ ಕಾರು ಮಾಡಿಕೊಂಡು ಇಲ್ಲಿಗೆ ತಂದರು. ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ. ಕರೆದರೆ ಓಗೊಡುವುದಿಲ್ಲ. ಇನ್ನು ಎಚ್ಚರವಾಗುವುದಿಲ್ಲ ಎಂದು ಡಾಕ್ಟರು ನನಗೇ ಹೇಳಿದರು. ನಿಮಗೆ ಗೊತ್ತಿರಲಿಲ್ಲವೆ ಎಂದು ಕೇಳಿದರು. ಗೊತ್ತಿತ್ತು ಅಂದೆ.

ರೈಲಿನ ವಿಷಯ ನಿನಗೆ ಬರೆಯಬೇಕು. ಬೇರೆ ಯಾರಿಗೆ ಹೇಳಲಿ.

ಮದ್ರಾಸಿನಲ್ಲಿ ಬೆಳಗಿನ ರೈಲು ಹತ್ತಿದೆವು. ಸ್ವಲ್ಪ ದೂರ ಬಂದ ಮೇಲೆ ತಿಮ್ಮರಾಜಣ್ಣ ಎದ್ದು, "ಬನ್ರೋ, ಬಾಗ್ಲತ್ರ ಗಾಳಿ ಚಂದಾಗಿ ಬತ್ತದೆ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಹೋದರು. ಬೈರಮ್ಮ, "ನಂಗೆ ಇಲ್ಲೇ ಬತ್ತಾ ಅದೆ ಗಾಳಿ" ಎಂದಳು. "ಏಳಮ್ಮಿ ಮ್ಯಾಕೆ" ಎಂದು ಗದರಿದರು. ನಾವಿಬ್ಬರೇ ಉಳಿದೆವು. ಈಗ ಹೇಳುತ್ತಾರೆ ಎಂದು ನನಗೆ ಗೊತ್ತಾಯಿತು. ಇವರು ಮಡಿಲಲ್ಲಿ ಕೈ ಹೆಣೆದು, ಬಿಚ್ಚಿ, ಮತ್ತೆ ಹೆಣೆಯುತ್ತಿದ್ದರು. ನನ್ನ ಮುಖ ನೋಡುವುದು, ಕಿಟಕಿ ನೋಡುವುದು. ನನ್ನ ಮುಖ ನೋಡಿ ಹೇಳುವುದು ಕಷ್ಟವಾಗುತ್ತಿದೆ ಎಂದುಕೊಂಡೆ. ಅವರಿಗೆ ಸುಲಭವಾಗಲಿ ಎಂದು ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ, "ಪಾರ್ವತಿ" ಅಂದರು. ಮೆಲ್ಲಗೆ. ಮುಂದಿನ ಮಾತು ಬರುತ್ತದೆ ಎಂದು ನಾನು ಹಾಗೇ ಇದ್ದೆ. ಓ ಅನ್ನಲಿಲ್ಲ. ಓ ಅಂದರೆ ಕಣ್ಣು ತೆರೆಯಬೇಕಾಗುತ್ತಿತ್ತು.

ಮತ್ತೆ ಕರೆಯಲಿಲ್ಲ. ಶಾಲು ಬಿಡಿಸಿ ನನಗೆ ಹೊದಿಸಿದರು. ನಿದ್ದೆ ಹೋಗಿದ್ದೇನೆ ಎಂದುಕೊಂಡರು, ಬೆಟ್ಟಮ್ಮ. ಕಣ್ಣು ಬಿಟ್ಟು ನೋಡಿದಾಗ ಅವರೇ ಮಲಗಿದ್ದರು. ಆಮೇಲೆ ಎಲ್ಲರೂ ಬಂದು ಕೂತರು. ಬೆಂಗಳೂರು ಬಂತು.

ಮನೆಗೆ ಹೋದ ಮೇಲೆ ನಾನೇ ಕೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಕಾಲು ತೊಳೆಯಲು ನೀರು ಕಾಯಿಸಿಟ್ಟೆ. ಅಷ್ಟರಲ್ಲಿ ಹೀಗಾಯಿತು.

ನನಗೆ ಹೇಳು ಎಂದು ನಿನ್ನ ಹತ್ತಿರ ಏನಾದರೂ ಹೇಳಿದ್ದರೆ ಬಂದು ಹೇಳು. ಒಂದು ಮಾತಾದರೂ ಸಾಕು.

---

ಬಿಂಡಿಗನವಿಲೆ
26-2-1995, ಭಾನುವಾರ

ಸಂಜೆ ಐದು ಗಂಟೆ. ಶನಿವಾರ ಬಂದ ಟಪಾಲನ್ನು ಪೋಸ್ಟ್‌ಮ್ಯಾನ್ ಇವತ್ತು ಮಧ್ಯಾಹ್ನ ಮನೆಗೆ ತಂದುಕೊಟ್ಟ. ಮೂರೂ ಒಟ್ಟಿಗೆ ಬಂದವು. ದ್ವೀಪದಿಂದ ನೀವು ಹತ್ತರಂದು ಹಾಕಿದ್ದು, ಅಣ್ಣ ಹದಿಮೂರರಂದು ಹಾಕಿದ್ದು, ಆಸ್ಪತ್ರೆಯಿಂದ ನೀವು ಬರೆದದ್ದು. ತಾರೀಖು ನೋಡಿ ಒಂದೊಂದಾಗಿ ಓದಿದೆ. ಓದಿ ಮುಗಿಸುವ ಹೊತ್ತಿಗೆ ನಾಗಮಂಗಲದ ಬಸ್ಸು ಹೋಗಿತ್ತು.

ಅತ್ತಿಗೆ, ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಎದುರು ನಿಂತರೆ ನನಗೆ ಬಾಯಿ ಬರುವುದಿಲ್ಲ.

ನಾನು ನಿಮಗೆ ಎಲ್ಲವನ್ನೂ ಬರೆದಿದ್ದೆ, ಆರನೇ ತಾರೀಖು. ಅದು ಅಣ್ಣನ ಕೈ ಸೇರಿತು, ನಿಮ್ಮ ಕೈ ಸೇರಲಿಲ್ಲ. ಅವನ ಕಾರ್ಡನ್ನು ಇದರ ಜೊತೆಗೆ ಇಟ್ಟಿದ್ದೇನೆ, ಓದಿ. ನೀವು ನಗುತ್ತಿದ್ದುದನ್ನು ನೋಡಿ ನಿಮಗೆ ಗೊತ್ತಿಲ್ಲ ಎಂದುಕೊಂಡು ಸಮಾಧಾನವಾಗಿದ್ದ. ನಿಮ್ಮಿಬ್ಬರ ಕಾಗದವೂ ನನ್ನ ಕೈಗೆ ಒಂದು ವಾರ ಮೊದಲು ಬಂದಿದ್ದರೆ ನಾನು ರೈಲು ನಿಲ್ದಾಣಕ್ಕೇ ಬಂದು ನಿಲ್ಲುತ್ತಿದ್ದೆ. ಬರಲಿಲ್ಲ.

ಶಾಲಿನ ವಿಷಯ ಓದಿದ ಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತೆ. ತಿಮ್ಮಮ್ಮ ಬಂದು ಏನಾಯಿತು ಎಂದು ಕೇಳಿದಳು. ಅಣ್ಣನಿಗೆ ಹುಷಾರಿಲ್ಲ ಎಂದೆ. "ಓಗ್ಬುಟ್ಟು ಬಾ, ಕುರಿ ನಾನು ನೋಡ್ಕತೀನಿ. ಅತ್ಗೆ ಒಬ್ಳೇ ಅವ್ಳೆ" ಎಂದಳು. ತಿಥಿಯ ದಿನ ಹಾಗೆ ಕೇಳಿದ್ದಕ್ಕೆ ಅವಳಿಗೂ ಬೇಜಾರಿದೆ, ಮುಖ ನೋಡಿ ಮಾತಾಡಲಿಲ್ಲ.

ಅಣ್ಣ ನಿಮಗೆ ಹೇಳು ಎಂದು ನನ್ನ ಹತ್ತಿರ ಏನಾದರೂ ಹೇಳಿದ್ದನೇ ಎಂದು ಕೇಳಿದ್ದೀರಿ. ಮಧ್ಯಾಹ್ನದಿಂದ ಅದನ್ನೇ ನೆನಪು ಮಾಡಿಕೊಳ್ಳುತ್ತಿದ್ದೇನೆ. ಜನವರಿಯಲ್ಲಿ ಬಂದಾಗ ಆಡಿದ್ದನ್ನೆಲ್ಲ ಮನಸ್ಸಿನಲ್ಲಿ ಹರಡಿಕೊಂಡು ನೋಡಿದೆ. ನಿಮ್ಮ ವಿಷಯ ಬಿಟ್ಟು ಅವನು ಬೇರೆ ಆಡಲಿಲ್ಲ, ಆದರೆ ನಿಮಗೆ ಹೇಳು ಎಂದು ಒಂದು ಮಾತನ್ನೂ ಕೊಡಲಿಲ್ಲ. ತಾನೇ ಹೇಳುತ್ತೇನೆ ಎಂದಿದ್ದನಲ್ಲ. ಒಂದು ಮಾತು ಕಟ್ಟಿಕೊಂಡು ಬಂದು ಹೇಳಿಬಿಡಲೇ ಎಂದೂ ಯೋಚಿಸಿದೆ. ಕಟ್ಟಿದ್ದನ್ನು ನೀವು ನಂಬಬಹುದು. ಆದರೆ ಇನ್ನೊಂದು ಸುಳ್ಳನ್ನು ನಿಮ್ಮ ಮುಂದೆ ಇಡಲು ನನ್ನ ಕೈಲಿ ಆಗುವುದಿಲ್ಲ. ನನ್ನ ಹತ್ತಿರ ಏನೂ ಇಲ್ಲ, ಅತ್ತಿಗೆ. ಬರಿಗೈಯಲ್ಲಿ ಬರುತ್ತಿದ್ದೇನೆ.

ಇವತ್ತು ಇಪ್ಪತ್ತಾರು. ನೀವು ಬರೆದು ಮೂರು ದಿನವಾಯಿತು. ಅಣ್ಣ ಈಗ ಇದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ.

ನಾಳೆ ಶಿವರಾತ್ರಿ. ಬೆಳ್ಳೂರಿನ ಕಡೆಯಿಂದ ಬರುವ ಮೊದಲ ಬಸ್ಸು ಹಬ್ಬದ ದಿನ ಓಡುವುದಿಲ್ಲ. ಎರಡನೆಯ ಬಸ್ಸಿಗೆ ಬರುತ್ತೇನೆ.